ಕಿಡಿ ಹೊತ್ತಿಗೆ ಸರಿಯಾಗಿ ಹಾರಬೇಕು



ಅಂಬಾಸಿಡರ್ ಕಾರು ನಿಮಗೆಲ್ಲ ಗೊತ್ತು. ಮದುವೆ ದಿಬ್ಬಣಕ್ಕೆ, ಜಾತ್ರೆಗೆ, ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ, ಎಷ್ಟೋ ಊರುಗಳಲ್ಲಿ ಇದೇ ಕಾರು ಓಡಿತು. ಕಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ಇದನ್ನು ತಯಾರಿಸುತ್ತಿದ್ದರು. 2014ರಲ್ಲಿ ತಯಾರಿಕೆ ನಿಂತಿತು. ಕೆಲವು ಮನೆಗಳ ಅಂಗಳದಲ್ಲಿ ಈಗಲೂ ಒಂದೊಂದು ಇದೆ.

ಈ ಪಾಠ ಅದರ ಹಳೆಯ ಪೆಟ್ರೋಲ್ ಎಂಜಿನ್ನಿಗೆ, ಅಂದರೆ 1489 ಸಿಸಿ ಎಂಜಿನ್ನಿಗೆ ಮಾತ್ರ. ಡೀಸೆಲ್ ಕಾರಿಗೆ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. 1992ರಲ್ಲಿ ಬಂದ ಇಸುಜು ಎಂಜಿನ್ನಿನ ಲೆಕ್ಕವೂ ಬೇರೆ.

"ಇದು ಗಂಡಸರ ಕೆಲಸ, ನಮಗ್ಯಾಕೆ?" ಅಂತ ಕೇಳಬಹುದು. ಕಾರು ಬಿಸಿಯಾಗುತ್ತದೆ. ಪೆಟ್ರೋಲ್ ಕುಡಿಯುತ್ತದೆ. ದಿಬ್ಬ ಹತ್ತುವಾಗ ಎಳೆಯುವುದಿಲ್ಲ. "ಎಂಜಿನ್ ಬಿಚ್ಚಬೇಕು" ಅಂತ ಯಾರೋ ಹೇಳುತ್ತಾರೆ. ದುಡ್ಡು ಹೋಗೋದು ಮನೆಯದೇ ತಾನೇ? ಎಂಜಿನ್ ಬಿಚ್ಚಿಸುವ ಮೊದಲು ಟೈಮಿಂಗ್ ನೋಡಬೇಕು. ಅದಕ್ಕೆ ಅಂಕಿ ಓದಲು ಬಂದರೆ ಸಾಕು. ನಿಮಗೆ ಈಗ ಬರುತ್ತದೆ.

ಟೈಮಿಂಗ್ ಅಂದರೇನು? ಹೊಲಿಗೆ ಮಿಷನ್ ನೋಡಿ. ಸೂಜಿ ಕೆಳಗೆ ಬಂದ ಹೊತ್ತಿಗೆ ಕೆಳಗಿನ ಕೊಕ್ಕೆ ದಾರ ಹಿಡಿಯಬೇಕು. ಸ್ವಲ್ಪ ಹಿಂದು ಮುಂದಾದರೆ ಹೊಲಿಗೆ ಬಿಡುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಮೇಲೆ ಬಂದು ಪೆಟ್ರೋಲು ಗಾಳಿಯನ್ನು ಒತ್ತುತ್ತದೆ. ಆಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಉರಿ ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ.

ಆದರೆ ಕಿಡಿ ಹಾರಿದ ಕೂಡಲೇ ಉರಿ ಪೂರ್ತಿ ಹೊತ್ತುವುದಿಲ್ಲ. ಹನ್ನೆರಡು ಗಂಟೆಗೆ ಅನ್ನ ಬೇಕೆಂದರೆ ಹನ್ನೆರಡಕ್ಕೆ ಒಲೆ ಹಚ್ಚುತ್ತೇವೆಯೇ? ಅದಕ್ಕೇ ಪಿಸ್ಟನ್ ಮೇಲ್ತುದಿಗೆ ಬರುವ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ನಾಲ್ಕು ಪ್ಲಗ್ ಸೇರಿ ಸೆಕೆಂಡಿಗೆ 100 ಕಿಡಿ! ಒಂದೊಂದೂ ಹೊತ್ತಿಗೆ ಸರಿಯಾಗಿ ಹಾರಬೇಕು.

ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ನಮ್ಮ ಕಡೆ ಬರುತ್ತಿರುವಾಗಲೇ ತಳ್ಳಿದರೆ ಕೈಗೇ ಪೆಟ್ಟು. ದೂರ ಹೋದ ಮೇಲೆ ತಳ್ಳಿದರೆ ಬಲ ವ್ಯರ್ಥ. ಕಿಡಿ ತೀರಾ ಬೇಗ ಹಾರಿದರೆ, ದಿಬ್ಬ ಹತ್ತುವಾಗ ಎಂಜಿನ್ ಕಟಕಟ ಎನ್ನುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಹಾಳು. ತಡವಾಗಿ ಹಾರಿದರೆ ಎಳೆತ ಇಲ್ಲ, ಬಿಸಿ ಹೆಚ್ಚು, ಪೆಟ್ರೋಲ್ ಖರ್ಚು ಹೆಚ್ಚು.

ಇನ್ನೊಂದು ಮಾತು, ಇದು ಜೀವದ ಮಾತು. ಈ ಕಾರನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವುದುಂಟು. ಕಿಡಿ ತೀರಾ ಬೇಗ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಮುರಿಯಬಹುದು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕಬೇಡಿ. ಉಳಿದ ಬೆರಳುಗಳ ಕಡೆಗೇ ಇರಲಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಒತ್ತಲೇಬೇಡಿ.

ಈಗ ಕೆಲಸ. ಕಾರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸೆರಗು, ಜಡೆ ಕಟ್ಟಿಕೊಳ್ಳಿ. ಬಳೆ ಬ್ಯಾಟರಿಗೆ ತಗುಲದಂತೆ ನೋಡಿ. ಹತ್ತಿರ ದೀಪ, ಬೀಡಿ ಬೇಡ.

ಪ್ಲಗ್ ವೈರುಗಳಿಗೆ 1, 2, 3, 4 ಎಂದು ಚೀಟಿ ಕಟ್ಟಿ. ರೇಡಿಯೇಟರ್ ಕಡೆಯದು 1. ಪ್ಲಗ್ಗುಗಳನ್ನು ಬಿಚ್ಚಿ, ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಪ್ಲಗ್ ವೈರುಗಳೆಲ್ಲ ಹೋಗಿ ಸೇರುವ ಕರಿ ಟೊಪ್ಪಿಗೆಯನ್ನು ತೆಗೆಯಿರಿ. ಅದರ ಕೆಳಗಿರುವುದೇ ಡಿಸ್ಟ್ರಿಬ್ಯೂಟರ್. ಒಳಗೆ ತಿರುಗುವ ತುಂಡು ರೋಟರ್. ಅದರ ಅಡಿಯಲ್ಲಿ ಬಾಯಿ ತೆರೆದು ಮುಚ್ಚುವ ಪಾಯಿಂಟ್ ಇದೆ. ಪಾಯಿಂಟ್ ತೆರೆದ ಕ್ಷಣವೇ ಕಿಡಿ ಹಾರುವುದು.

ಮೊದಲು ಪಾಯಿಂಟಿನ ಸಂದು ನೋಡಬೇಕು. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಇದು ಮೊದಲು. ಹ್ಯಾಂಡಲ್ ತಿರುಗಿಸಿ ಪಾಯಿಂಟ್ ಪೂರ್ತಿ ತೆರೆಯುವಂತೆ ನಿಲ್ಲಿಸಿ. ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಎಲೆಗಳ ಕಟ್ಟು ಅಂಗಡಿಯಲ್ಲಿ ಸಿಗುತ್ತದೆ. ಎಲೆಯ ಮೇಲೆ ಅಂಕಿ ಇರುತ್ತದೆ. 15 ಎಂಬ ಎಲೆ, ಅಂದರೆ ಇಂಚಿನ ಸಾವಿರ ಭಾಗದಲ್ಲಿ 15, ಸಂದಿನಲ್ಲಿ ಸ್ವಲ್ಪ ಹಿಡಿದು ಜಾರಬೇಕು. ಸಡಿಲವಾದರೆ, ಬಿಗಿಯಾದರೆ, ಪಾಯಿಂಟಿನ ತಿರುಪು ಸಡಿಲಿಸಿ ಸರಿಮಾಡಿ ಮತ್ತೆ ಬಿಗಿಸಿ.

ಆಮೇಲೆ 1ನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಇನ್ನೊಬ್ಬರು ಹ್ಯಾಂಡಲ್ ನಿಧಾನವಾಗಿ ತಿರುಗಿಸಲಿ. ಗಾಳಿ ಬೆರಳನ್ನು ತಳ್ಳಿತೇ? ಪಿಸ್ಟನ್ ಒತ್ತುತ್ತಾ ಮೇಲೆ ಬರುತ್ತಿದೆ. ಈಗ ಕೆಳಗೆ ನೋಡಿ. ಹ್ಯಾಂಡಲ್ ಸಿಕ್ಕಿಸುವ ಪುಲ್ಲಿಯ ಅಂಚಿನಲ್ಲಿ ಒಂದು ಗೀರು, ಪಕ್ಕದಲ್ಲಿ ಮುಳ್ಳಿನಂಥ ಗುರುತುಗಳು ಇರುತ್ತವೆ. ಉದ್ದ ಮುಳ್ಳು ಮೇಲ್ತುದಿ, ಉಳಿದವು 5 ಮತ್ತು 10 ಡಿಗ್ರಿ ಮೊದಲು. ಎಷ್ಟು ಡಿಗ್ರಿ ಬೇಕೆಂದು ಕಾರಿನ ಪುಸ್ತಕ ನೋಡಿ ಗೀರನ್ನು ಅಲ್ಲಿಗೆ ತನ್ನಿ. ದಾಟಿಹೋದರೆ ಬರೀ ಹಿಂದೆ ಸರಿಸಿ ನಿಲ್ಲಿಸಬೇಡಿ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ತನ್ನಿ. ಒಳಗಿನ ಚೈನಿನ ಸಡಿಲ ಆಗಲೇ ಹೋಗುವುದು.

ಪ್ಲಗ್ಗುಗಳನ್ನು ಹಾಕಿ. ಹ್ಯಾಂಡಲ್ ತೆಗೆದಿಡಿ. 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಬರುವ ಸಣ್ಣ ವೈರಿನ ಕಡೆಗೆ ಒಂದು, ಎಂಜಿನ್ನಿನ ಬರಿ ಕಬ್ಬಿಣಕ್ಕೆ ಇನ್ನೊಂದು. ಡಿಸ್ಟ್ರಿಬ್ಯೂಟರ್ ಹಿಡಿದಿರುವ ಬೋಲ್ಟನ್ನು ಕೈಯಲ್ಲಿ ತಿರುಗುವಷ್ಟು ಮಾತ್ರ ಸಡಿಲಿಸಿ. ಈಗ ಕೀ ಆನ್ ಮಾಡಿ. ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ, ಬಲ್ಬು ಆರುತ್ತದೆ. ಆಮೇಲೆ ಅದರ ಎದುರು ದಿಕ್ಕಿಗೆ ಎಳ್ಳಷ್ಟು ಎಳ್ಳಷ್ಟೇ ತಿರುಗಿಸಿ. ಬಲ್ಬು ಹೊತ್ತಿದ ಕೂಡಲೇ ಕೈ ನಿಲ್ಲಿಸಿ! ಪಾಯಿಂಟ್ ತೆರೆಯುವ ಕ್ಷಣ ಅದೇ. ಬೋಲ್ಟ್ ಬಿಗಿಸಿ ಕೀ ಆಫ್ ಮಾಡಿ. ಕೀ ಆನ್ ಇಟ್ಟು ಮಾತಾಡುತ್ತಾ ಕೂತರೆ ಕಾಯಿಲ್ ಬಿಸಿಯಾದೀತು.

ಟೊಪ್ಪಿಗೆ ಹಾಕಿ. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ 1, 3, 4, 2. ವೈರುಗಳೂ ರೋಟರ್ ತಿರುಗುವ ದಿಕ್ಕಿಗೆ ಇದೇ ಸಾಲಿನಲ್ಲಿ ಇರಬೇಕು.

ಕೊನೆಗೆ ಕಿವಿಯ ಪರೀಕ್ಷೆ. ಪುಸ್ತಕ ಬರೆದ ಕಾಲದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ 2000ದಿಂದ ಅದು ನಿಂತಿದೆ. ಆದ್ದರಿಂದ ಪುಸ್ತಕದ ಅಂಕಿಯಿಂದ ಶುರುಮಾಡಿ, ದಿಬ್ಬದ ಮೇಲೆ ಕೇಳಿ ತೀರ್ಮಾನಿಸುವುದೇ ಸರಿ ಎಂದು ನಮಗೆ ತೋರುತ್ತದೆ. ಕಟಕಟ ಬಂದರೆ ಎಂಜಿನ್ ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ರೋಟರಿನ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಓಡಿಸಿ ನೋಡಿ.

ಪಾಯಿಂಟ್ ಸವೆಯುತ್ತದೆ, ಸಂದು ಮತ್ತೆ ಬದಲಾಗುತ್ತದೆ. ಅದಕ್ಕೆ ನಿಮ್ಮ ನೋಟ್ ಬುಕ್ಕಿನಲ್ಲಿ ನಾಲ್ಕು ಮನೆ ಗೆರೆ ಎಳೆದು ಬರೆಯಿರಿ: ತಾರೀಖು, ಓಡಿದ ಕಿಲೋಮೀಟರ್, ಸಂದು, ಡಿಗ್ರಿ.