ನಮ್ಮ ಬಾಲ್ಯ ಮಕ್ಕಳ ಕಥೆಯಾಗುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಅಜ್ಜಿಮನೆಯ ಬೇಸಿಗೆ ರಜೆಯ ನೆನಪುಗಳನ್ನು ಮಕ್ಕಳಿಗಾಗಿ ಬರೆದೆ. ಮೊಮ್ಮಗಳಿಗೆ ಓದಿ ಹೇಳಿದರೆ ಎರಡನೇ ಪುಟಕ್ಕೇ ಎದ್ದು ಹೋದಳು. ನಮ್ಮ ಕಾಲದ ಬದುಕು ಈಗಿನ ಮಕ್ಕಳಿಗೆ ಬೇಡವೇ? ಬರೆಯುವುದನ್ನು ಬಿಟ್ಟುಬಿಡಲೇ?
– ಓದುಗರು, ಶಿರಸಿ

ಉತ್ತರ: ದಯವಿಟ್ಟು ಬಿಡಬೇಡಿ. ಇಷ್ಟು ಪ್ರೀತಿಯಿಂದ ಬರೆದದ್ದನ್ನು ಮನೆಯ ಮಗುವೇ ಕೇಳದೆ ಎದ್ದು ಹೋದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಕೊರತೆ ನಿಮ್ಮ ಬಾಲ್ಯದಲ್ಲಿಲ್ಲ, ಅದನ್ನು ಹೇಳಿದ ಬಗೆಯಲ್ಲಿದೆ. ಅದನ್ನು ತಿದ್ದಬಹುದು.

ನೀವು ಕಳುಹಿಸಿದ ಪುಟಗಳನ್ನು ನಿಧಾನವಾಗಿ ಓದಿದೆ. 'ಹೋಗುತ್ತಿದ್ದೆವು', 'ತಿನ್ನುತ್ತಿದ್ದೆವು', 'ಆ ಸುಖ ಈಗೆಲ್ಲಿ' ಎಂಬ ಮಾತುಗಳೇ ತುಂಬಿವೆ. ಅವು ಮೊಮ್ಮಕ್ಕಳನ್ನು ಕಂಡ ನಿಮ್ಮ ಮಾತುಗಳು. ಎಂಟು ವರ್ಷದ ಹುಡುಗಿಗೆ ಕಳೆದುಹೋದ ಕಾಲದ ಹಂಬಲ ಎಲ್ಲಿಂದ ಬರಬೇಕು? ನಿಮ್ಮ ಕಥೆಯ ನಿರೂಪಕಿ (ಕಥೆ ಹೇಳುವಾಕೆ) ಅಂದಿನ ಆ ಪುಟ್ಟ ಹುಡುಗಿಯೇ ಆಗಲಿ. 'ಪ್ರತಿ ವರ್ಷ' ಎನ್ನುವುದನ್ನು ಬಿಟ್ಟು 'ಒಂದು ದಿನ' ಎಂದು ಶುರು ಮಾಡಿ.

ಹಲಸಿನಕಾಯಿ ಹಪ್ಪಳ ಒಣಹಾಕಿದಾಗ ಕಾಗೆ ಕಾಯಲು ನಿಮ್ಮನ್ನು ಕೂರಿಸುತ್ತಿದ್ದರು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಕಥೆ ಕಂಡದ್ದು ಅಲ್ಲೇ. ಕೈಯಲ್ಲೊಂದು ಕೋಲು, ಎದುರಿಗೆ ಚಾಪೆ ತುಂಬ ಅರೆ ಒಣಗಿದ ಹಪ್ಪಳ. ಅದರ ರುಚಿ ಬಲ್ಲವರೇ ಬಲ್ಲರು! ಅಂಚಿನಿಂದ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರೆ ಜಾಗ ಖಾಲಿ ಕಾಣುತ್ತದೆ. ಪಕ್ಕದ್ದನ್ನು ಸರಿಸಿ ಮುಚ್ಚಬೇಕು. ಸರಿಸುತ್ತಾ ಸರಿಸುತ್ತಾ ಸಾಲೇ ಸೊಟ್ಟಗಾಗುತ್ತದೆ. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದರೆ? ಕಾಗೆಯ ಮೇಲೆ ಹೇಳಿಬಿಡುವುದೇ? ಹಪ್ಪಳದ ಚಾಪೆಯನ್ನೇ ಕಾಣದ ಮಗುವೂ ಮುಂದೇನಾಯಿತು ಎಂದು ಕೇಳುತ್ತದೆ. ಆಸೆಯೂ ಸಿಕ್ಕಿಬೀಳುವ ಭಯವೂ ಅದಕ್ಕೆ ಚೆನ್ನಾಗಿ ಗೊತ್ತು. ಇಷ್ಟನ್ನೇ ಬರೆದು ಮೊಮ್ಮಗಳಿಗೆ ಮತ್ತೊಮ್ಮೆ ಓದಿ ಹೇಳಿ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ತಮ್ಮ ಜ್ವರ ಬಂದು ತೀರಿಕೊಂಡ. ಅವನ ಬಗ್ಗೆ ಮಕ್ಕಳ ಪುಸ್ತಕ ಬರೆಯಬೇಕೆಂಬ ಆಸೆ. ಎಳೆಯ ಮನಸ್ಸುಗಳು ಹೆದರಿಯಾವು ಎಂಬ ಅಳುಕು.
– ಓದುಗರು, ಹುಬ್ಬಳ್ಳಿ

ಉತ್ತರ: ಇಷ್ಟು ವರ್ಷ ತಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದೀರಿ. ನಿಮ್ಮ ಅಳುಕೂ ಸಹಜವಾದದ್ದೇ. ಸಾವಿನ ಮಾತು ಬಂದ ಮಾತ್ರಕ್ಕೆ ಮಕ್ಕಳ ಕಥೆ ಕೆಡುವುದಿಲ್ಲ. ಆದರೆ ಎಲ್ಲ ನೋವನ್ನೂ ಮಕ್ಕಳ ಪುಸ್ತಕಕ್ಕೇ ತರಬೇಕೆಂದೂ ಇಲ್ಲ.

ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ಅವರನ್ನು ನೋಡಿ. ಅವರ ಒಂಬತ್ತು ತಿಂಗಳ ತಮ್ಮ 1876ರಲ್ಲಿ ತೀರಿಕೊಂಡ. ದೊಡ್ಡವರಿಗಾಗಿ ಅವರು ಮೊದಲು ಬರೆದ ಆತ್ಮಕಥನದಲ್ಲಿ ಆ ಸಾವಿದೆ. ಆಗ ಅದನ್ನು ಅಚ್ಚು ಹಾಕುವವರು ಸಿಗಲಿಲ್ಲ. ಪುಸ್ತಕವಾಗಿ ಬಂದದ್ದು 2014ರಲ್ಲಿ. 1932ರಿಂದ ಮಕ್ಕಳಿಗಾಗಿ ಬಂದ ಸರಣಿಯಲ್ಲಿ ತಮ್ಮನ ಸುದ್ದಿಯೇ ಇಲ್ಲ. ಆದರೆ ಅಕ್ಕ ಮೇರಿ ಜ್ವರದಿಂದ ಕುರುಡಿಯಾದದ್ದನ್ನು ಲಾರಾ ಬಿಡಲಿಲ್ಲ. ಅಲ್ಲಿ ಪುಟ್ಟ ಲಾರಾಳಿಗೆ ಒಂದು ಕೆಲಸವಿತ್ತು: ಕಂಡದ್ದನ್ನೆಲ್ಲ ಅಕ್ಕನಿಗೆ ಮಾತಿನಲ್ಲಿ ವರ್ಣಿಸುವುದು. ದುಃಖದ ನಡುವೆ ಮಗುವಿಗೆ ಮಾಡಲು ಏನಾದರೂ ಇದ್ದರೆ, ಓದುವ ಮಗುವಿಗೂ ಹಿಡಿದುಕೊಳ್ಳಲು ಏನೋ ಸಿಗುತ್ತದೆ.

ಅಮೆರಿಕದ ಇನ್ನೊಬ್ಬ ಲೇಖಕ ಇ. ಬಿ. ವೈಟ್ ಹಿಡಿದ ದಾರಿ ಬೇರೆ. ತಾವು ಸಾಕಿದ ಹಂದಿಯನ್ನು ಕಾಯಿಲೆಯಿಂದ ಉಳಿಸಿಕೊಳ್ಳಲಾಗದ ಸಂಕಟ 1948ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. 1952ರಲ್ಲಿ ಬಂದ ಅವರ 'ಶಾರ್ಲಟ್ಸ್ ವೆಬ್' ಮಕ್ಕಳ ಕಥೆಯಲ್ಲಿ ಹಂದಿಮರಿ ಬದುಕುತ್ತದೆ. ಅದನ್ನು ಉಳಿಸಿದ ಜೇಡ ಸಾಯುತ್ತದೆ. ಮಕ್ಕಳು ಅದನ್ನು ಇಂದಿಗೂ ಓದುತ್ತಿದ್ದಾರೆ.

ನೀವೂ ಮೊದಲು ನಿಮಗಾಗಿ ಮಾತ್ರ ಬರೆಯಿರಿ. ಅಳು ಬಂದರೆ ಬರಲಿ. ಸ್ವಲ್ಪ ಕಾಲ ಎತ್ತಿಟ್ಟು, ಆಮೇಲೆ ಮಕ್ಕಳ ಕಥೆಗೆ ಕೂತುಕೊಳ್ಳಿ. ತಮ್ಮ 'ನಿದ್ದೆ ಹೋದ', 'ದೂರದ ಊರಿಗೆ ಹೋದ' ಎಂದು ಮಾತ್ರ ಬರೆಯಬೇಡಿ. ಅದನ್ನು ಓದಿದ ಮಗು ಮಲಗಲೂ ಹೆದರೀತು. 'ಸತ್ತುಹೋದ' ಎಂದು ಸರಳವಾಗಿ ಹೇಳಿ. ಅವನು ಬದುಕಿದ್ದಾಗಿನ ತುಂಟತನ, ಜಗಳ, ಗೋಲಿಯಾಟಕ್ಕೆ ಹೆಚ್ಚು ಪುಟ ಕೊಡಿ. ಅಣ್ಣನ ಜೊತೆ ಕೂತು ಅವನ ಮಾತು ಕೇಳುವ ಒಬ್ಬ ದೊಡ್ಡವರಾದರೂ ಕಥೆಯಲ್ಲಿರಲಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೇ ಬೆಳೆದವಳು. ಹೊಳೆ, ತೋಟ ಯಾವುದೂ ಕಂಡಿಲ್ಲ. ನನ್ನಲ್ಲಿ ಬರೆಯುವಂಥ ಅನುಭವ ಏನಿದೆ?
– ಓದುಗರು, ಜಯನಗರ

ಉತ್ತರ: ಇದೆ, ಧೈರ್ಯವಾಗಿರಿ. ಲಿಫ್ಟ್ ನಡುವೆ ನಿಂತದ್ದು, ನೀರಿನ ಟ್ಯಾಂಕರಿಗೆ ಕಾದದ್ದು, ಕಾವಲುಗಾರರ ಮಗನೊಂದಿಗೆ ಆಡಬೇಡ ಎಂದು ಯಾರೋ ಗದರಿದ್ದು, ಎಲ್ಲವೂ ಅನುಭವವೇ. ಕಾಣದ ಹೊಳೆಯನ್ನು ಬೇರೆಯವರ ಪುಸ್ತಕದಿಂದ ತರಬೇಡಿ.

ಅನುಭವ ಬಾಲ್ಯದ್ದೇ ಆಗಬೇಕೆಂಬ ನಿಯಮವೂ ಇಲ್ಲ. ನಾ. ಡಿಸೋಜಾ ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದವರು. ಮುಳುಗಡೆಯನ್ನು (ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುವುದನ್ನು) ಹತ್ತಿರದಿಂದ ಕಂಡಿದ್ದರು. ಅವರ ಮಕ್ಕಳ ಕಾದಂಬರಿ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು.

ಪ್ರಶ್ನೆ: ಕಥೆಯಲ್ಲಿ ಸೋದರಮಾವ ಬರುತ್ತಾರೆ. ಓದಿ ಬೇಸರ ಮಾಡಿಕೊಂಡರೆ?
– ಓದುಗರು, ತುಮಕೂರು

ಉತ್ತರ: ಈ ಭಯ ಒಳ್ಳೆಯದೇ, ನಿಮ್ಮ ಪುಸ್ತಕಕ್ಕಿಂತ ಸಂಬಂಧ ದೊಡ್ಡದು. 1933ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಮನೆಯವರೊಂದಿಗೆ ಜರ್ಮನಿ ಬಿಟ್ಟ ಜೂಡಿತ್ ಕೆರ್, ಆ ಬಾಲ್ಯವನ್ನು 1971ರಲ್ಲಿ ಕಾದಂಬರಿ ಮಾಡಿದಾಗ ತಮ್ಮನ್ನೇ 'ಆನಾ' ಎಂದು ಕರೆದುಕೊಂಡರು. ನೀವೂ ಹೆಸರು, ಊರು, ಉದ್ಯೋಗ ಬದಲಿಸಿ. ಮಾವನ ಮೀಸೆ ತೆಗೆದು ಇನ್ನೊಬ್ಬರ ಕೋಪ ಸೇರಿಸಿ. ಇಷ್ಟಾದ ಮೇಲೂ ಗುರುತು ಸಿಗುವಂತಿದ್ದರೆ, ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು (ಕೈಬರಹದ ಪ್ರತಿಯನ್ನು) ಹಿಡಿದು ಮಾವನ ಮನೆಗೆ ಹೋಗಿ ಓದಿ ಹೇಳಿ. ಅವರು ಬೇಡ ಎಂದರೆ ಆ ಪ್ರಸಂಗವನ್ನು ಕೈಬಿಡಿ.