ವಾಙ್ಮಯ ತಪಸ್ಸು ಮತ್ತು ಕೇಳುವವರ ಹೊಣೆ

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಶ್ರೀರಾಮನ ಪಟ್ಟಾಭಿಷೇಕದ ವಾರ್ತೆಯನ್ನು ಕೇಳಿದೊಡನೆ ಕೈಕೇಯಿಯು ಹರ್ಷಗೊಂಡು ಮಂಥರೆಗೆ ಆಭರಣವನ್ನಿತ್ತಳು. ಆಗ ಅವಳಲ್ಲಿ ದ್ವೇಷದ ಲೇಶವೂ ಇರಲಿಲ್ಲ. ಸವತಿಯ ದಾಸ್ಯವು ಬಂದೊದಗುವುದೆಂದೂ, ಮಗನಿಗೆ ಕೇಡು ಕಾದಿರುವುದೆಂದೂ ಮಂಥರೆಯು ಹಿತೈಷಿಣಿಯಂತೆ ನುಡಿದು ಮೊದಲು ಭಯವನ್ನು ಬಿತ್ತಿದಳು. ಭಯವು ಬೇರೂರಿದ ಬಳಿಕ ದ್ವೇಷವು ತಾನಾಗಿಯೇ ಚಿಗುರಿತು.

ಈ ಕ್ರಮವು ನಮ್ಮ ಕಾಲದಲ್ಲಿಯೂ ಬದಲಾಗಿಲ್ಲ. ಆಫ್ರಿಕಾ ಖಂಡದ ರುವಾಂಡಾ ದೇಶದಲ್ಲಿ ಹುಟು ಮತ್ತು ಟುಟ್ಸಿ ಎಂಬ ಎರಡು ಪಂಗಡಗಳ ಜನರು ಒಂದೇ ಭಾಷೆಯನ್ನಾಡುತ್ತ, ಅಕ್ಕಪಕ್ಕದ ಮನೆಗಳಲ್ಲಿ ವಾಸಿಸುತ್ತ, ಪರಸ್ಪರ ವಿವಾಹಸಂಬಂಧವನ್ನೂ ಬೆಳೆಸಿದ್ದರು. ಅಲ್ಲಿ 1993ರ ಜುಲೈ ತಿಂಗಳಲ್ಲಿ ಆರ್.ಟಿ.ಎಲ್.ಎಂ. ಎಂಬ ಬಾನುಲಿ ಕೇಂದ್ರವು ಪ್ರಾರಂಭವಾಯಿತು. ಮನೋಹರ ಸಂಗೀತ, ಹಾಸ್ಯ, ಸಲಿಗೆಯ ಮಾತುಗಳಿಂದ ಅದು ಜನರ ಮನವನ್ನು ಗೆದ್ದಿತು. ಅವುಗಳ ನಡುವೆಯೇ, ಟುಟ್ಸಿಗಳು ಹಿಂದಿನಂತೆ ನಿಮ್ಮನ್ನು ಆಳುಗಳನ್ನಾಗಿ ಮಾಡಿಕೊಳ್ಳುವರು ಎಂಬ ಭಯವನ್ನು ತುಂಬಿತು. ಅವರನ್ನು ಜಿರಲೆಗಳೆಂದು ಕರೆಯಿತು. ಮನುಷ್ಯನನ್ನು ಕೀಟವೆಂದು ಕರೆದು ಅಭ್ಯಾಸವಾದ ನಾಲಗೆಯು ಕೈಗೂ ಹಾದಿಯನ್ನು ತೋರಿಸಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಹತ್ಯಾಕಾಂಡವು ಮೊದಲಾದಾಗ, ಕೊಲ್ಲಬೇಕಾದವರ ಹೆಸರುಗಳನ್ನೂ ಅವರು ಅಡಗಿರುವ ತಾಣಗಳನ್ನೂ ಆ ಬಾನುಲಿಯೇ ಸಾರಿತು. ಸುಮಾರು 100 ದಿನಗಳಲ್ಲಿ ಮಡಿದವರು ಕನಿಷ್ಠ 5 ಲಕ್ಷ. ಹಲವರ ಎಣಿಕೆಯಲ್ಲಿ 8 ಲಕ್ಷಕ್ಕೂ ಅಧಿಕ.

ಬಳಿಕ ತಾಂಜಾನಿಯಾದ ಅರೂಷಾ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯು 2003ರ ಡಿಸೆಂಬರಿನಲ್ಲಿ ಆ ಬಾನುಲಿಯ ಸ್ಥಾಪಕರಿಬ್ಬರನ್ನೂ, ಪತ್ರಿಕಾ ಸಂಪಾದಕನೊಬ್ಬನನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. 2007ರ ಮೇಲ್ಮನವಿಯಲ್ಲಿ ಕೆಲವು ಆರೋಪಗಳು ಬಿದ್ದು ಶಿಕ್ಷೆಯು ಇಳಿಯಿತಾದರೂ ದೀರ್ಘಕಾಲದ ಸೆರೆಯು ಯಾರಿಗೂ ತಪ್ಪಲಿಲ್ಲ.

ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶವು ವಾಟ್ಸಾಪಿನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಆ ಸಂದೇಶವನ್ನು ಮುಂದೆ ಕಳುಹಿಸಿದವರಲ್ಲಿ ಬಹುಮಂದಿ ತಾವು ಲೋಕಕ್ಕೆ ಹಿತವನ್ನೇ ಮಾಡುತ್ತಿರುವೆವೆಂದು ಭಾವಿಸಿದ್ದಿರಬೇಕು. ಮಕ್ಕಳ ಮೇಲಿನ ಮಮತೆಯೇ ಅಲ್ಲಿ ಭಯದ ಬಾಗಿಲಾಯಿತು.

ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ವಾಙ್ಮಯ ತಪಸ್ಸನ್ನು ನಿರೂಪಿಸುವಾಗ, ಪರರಿಗೆ ಉದ್ವೇಗವನ್ನುಂಟುಮಾಡದಿರುವುದನ್ನು ಸತ್ಯ, ಪ್ರಿಯ, ಹಿತಗಳೊಡನೆ ಸೇರಿಸಿ ಹೇಳಿರುವನು. ಸತ್ಯವೊಂದಿದ್ದರೆ ಸಾಲದು, ಹಿತವೂ ಇರಬೇಕು. ಇದು ಆಡುವವರಿಗೆ ವಿಧಿಸಿದ ತಪಸ್ಸು. ಆದರೆ ಕೇಳಿದುದನ್ನು ಮತ್ತೊಬ್ಬರಿಗೆ ದಾಟಿಸಿದ ಕ್ಷಣದಲ್ಲಿ ನಾವೂ ಆಡಿದವರೇ ಆಗುವೆವು. ಮಂಥರೆಯ ಮಾತು ಕೈಕೇಯಿಯ ಬಾಯಿಂದ ವರವಾಗಿ ಹೊರಟಾಗ ಅದರ ಹೊಣೆಯು ಕೈಕೇಯಿಯದೇ ಆಯಿತಷ್ಟೆ.

ಆದುದರಿಂದ ಸಜ್ಜನರು ಯಾವುದೇ ಜನಸಮೂಹದ ಕುರಿತಾದ ಮಾತನ್ನು ಮುಂದೆ ಸಾಗಿಸುವ ಮುನ್ನ ಯೋಚಿಸತಕ್ಕದ್ದು: ಇದು ಸತ್ಯವೆಂದು ನಾವು ಬಲ್ಲೆವೇ? ಇದರಿಂದ ಯಾರಿಗೆ ಹಿತವಾದೀತು? ಆ ಜನರ ಮುಖವನ್ನು ನೋಡುತ್ತ ಇದನ್ನು ಹೀಗೆಯೇ ಆಡಬಲ್ಲೆವೇ? ಮನೆಯಲ್ಲಿ ಹಿರಿಯರು ಆಡಿದ್ದನ್ನು ಕಿರಿಯರು ಕಲಿಯುವರು. ಪಾರಾಯಣ ಮಾಡುವ ನಾಲಗೆಯೇ ಪಂಕ್ತಿಯಲ್ಲಿ ಕುಳಿತು ಪರದ್ವೇಷವನ್ನಾಡಿದರೆ, ಎಳೆಯರ ಮನಸ್ಸಿನಲ್ಲಿ ಯಾವುದು ಉಳಿಯುವುದೆಂಬುದನ್ನು ನಾವೆಲ್ಲರೂ ವಿಚಾರಿಸಬೇಕಾಗಿದೆ.

ಶ್ರೀಕೃಷ್ಣಾರ್ಪಣಮಸ್ತು.