ಸ್ಕ್ಲಿರೋಡರ್ಮಾ: ಲಕ್ಷಣವೂ ಉಪಚಾರವೂ



ಒಬ್ಬ ಸ್ತ್ರೀಯ ಬೆರಳುಗಳು ಬಿರುಸಾಗಿ ಬಾಗಿದರೆ ನೆರೆಹೊರೆಯವರು ಕುಷ್ಠವೆಂದು ಪಿಸುಗುಟ್ಟುವರು. ಮನೆಯವರು ನಾಚಿಕೆಯಿಂದ ಆಕೆಯನ್ನು ಮರೆಮಾಡುವರು. ಹೀಗೆ ವ್ಯರ್ಥವಾಗುವ ತಿಂಗಳುಗಳೇ ರೋಗಿಗೆ ಹೆಚ್ಚು ಕೇಡನ್ನುಂಟುಮಾಡುವವು. ಆದಕಾರಣ ಈ ವ್ಯಾಧಿಯ ಕುರಿತು ಕೆಲವು ಮಾತುಗಳನ್ನು ಬರೆಯುವದು ಅವಶ್ಯವೆಂದು ನಮಗೆ ತೋರಿತು.

ಗ್ರೀಕ್ ಭಾಷೆಯಲ್ಲಿ ಸ್ಕ್ಲಿರೋಸ್ ಎಂದರೆ ಬಿರುಸು, ಡರ್ಮಾ ಎಂದರೆ ಚರ್ಮ. ವ್ಯಾಧಿಯು ಒಳಗಿನ ಅವಯವಗಳಿಗೂ ತಗಲಿದಾಗ ವೈದ್ಯರು ಅದನ್ನು ಸಿಸ್ಟಮಿಕ್ ಸ್ಕ್ಲಿರೋಸಿಸ್ ಎನ್ನುವರು. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವದರಿಂದ ಸಣ್ಣ ರಕ್ತನಾಳಗಳು ಕಿರಿದಾಗುವವು; ನಾರಿನಂಥ ಪದಾರ್ಥವು ಮಿತಿಮೀರಿ ಬೆಳೆಯುವದು. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಬಹುಶಃ ಮೂವತ್ತರಿಂದ ಐವತ್ತರ ವಯಸ್ಸಿನೊಳಗೆ ಆರಂಭವಾಗುವದು. ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಕಲ್ಲಿನ ಧೂಳೂ ಇದಕ್ಕೆ ಸಹಾಯವಾಗುವದುಂಟು. 1914ರಲ್ಲಿ ಎಡಿನ್‌ಬರೋದ ವೈದ್ಯನಾದ ಬ್ರಾಮ್‌ವೆಲ್ ಎಂಬವನು ಕಲ್ಲುಕುಟಿಗರಲ್ಲಿ ಇದನ್ನು ಕಂಡು ಬರೆದನು. ನಮ್ಮ ಜಿಲ್ಲೆಯ ಇಳಕಲ್ಲಿನಲ್ಲಿ ಗ್ರಾನೈಟ್ ಕಡಿಯುವವರ ಮನೆಯವರು ಇದನ್ನು ನೆನಪಿಡತಕ್ಕದ್ದು.

ಮೊದಲನೆಯ ಗುರುತು ಸಾಮಾನ್ಯವಾಗಿ ಬೆರಳುಗಳಲ್ಲಿಯೇ. ಲೋಕಾಪುರದ ಸೀಮೆಯಲ್ಲಿ ಮಾಗಿಯ ಮುಂಜಾವಿನಲ್ಲಿ ತಣ್ಣೀರು ಮುಟ್ಟಿದೊಡನೆ ಬೆರಳುಗಳು ಬಿಳಚಿ, ಬಳಿಕ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುವವು. 1862ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸದ ರೇನೋ ಎಂಬ ವೈದ್ಯನ ಹೆಸರೇ ಇದಕ್ಕಿದೆ. ಹೀಗಾದವರೆಲ್ಲರಿಗೂ ಈ ವ್ಯಾಧಿ ಬರುವದಿಲ್ಲ. ಆದರೆ ಬೆರಳು ಊದಿಕೊಂಡು ಚರ್ಮ ಬಿಗಿದರೆ, ಬಾಯಿ ತೆರೆಯುವದು ಕಷ್ಟವಾದರೆ, ತುತ್ತು ಎದೆಯಲ್ಲಿ ನಿಂತರೆ, ಒಣಕೆಮ್ಮೂ ಏದುಸಿರೂ ತೋರಿದರೆ ತಡಮಾಡಬಾರದು. ಕುಷ್ಠದಲ್ಲಿ ಮಚ್ಚೆಯ ಸ್ಥಳದಲ್ಲಿ ಸ್ಪರ್ಶಜ್ಞಾನ ಕುಂದುವದು. ಇದರಲ್ಲಿ ಅದು ಸಾಮಾನ್ಯವಾಗಿ ಉಳಿದಿರುವದು. ನಿರ್ಣಯವನ್ನು ವೈದ್ಯರೇ ಮಾಡಬೇಕು. ಕುಷ್ಠವೇ ಆದರೂ ಸರಕಾರಿ ದವಾಖಾನೆಯ ಔಷಧದಿಂದ ಅದು ವಾಸಿಯಾಗುವದು.

ಸ್ಕ್ಲಿರೋಡರ್ಮಾವನ್ನು ನಿರ್ಮೂಲ ಮಾಡುವ ಔಷಧ ಇನ್ನೂ ಇಲ್ಲ, ಹತೋಟಿಯಲ್ಲಿಡುವ ಔಷಧಗಳುಂಟು. ಬೆಳಗಾವಿ, ಹುಬ್ಬಳ್ಳಿಗಳಂಥ ಪಟ್ಟಣಗಳಲ್ಲಿ ಸಂಧಿವಾತದ ತಜ್ಞರನ್ನು ಕಾಣಬೇಕು. ಮನೆಯವರು ಮಾಡತಕ್ಕದ್ದೂ ಬಹಳವಿದೆ. ಕೈಗಳನ್ನಷ್ಟೇ ಅಲ್ಲ, ಮೈಯೆಲ್ಲವನ್ನೂ ಬೆಚ್ಚಗಿಡಿರಿ, ಬೆಂಕಿಗೆ ಬೆರಳೊಡ್ಡಬೇಡಿರಿ. ಪಾತ್ರೆ ಬಟ್ಟೆಗಳಿಗೆ ಉಗುರುಬೆಚ್ಚಗಿನ ನೀರನ್ನು ಕೊಡಿರಿ. ತಂಬಾಕನ್ನು ಪೂರ್ಣವಾಗಿ ಬಿಡಿಸಿರಿ. ದಿನಾಲು ಬೆರಳುಗಳನ್ನೂ ಬಾಯಿಯನ್ನೂ ಮೆಲ್ಲಗೆ ಹಿಗ್ಗಿಸುವ ಅಭ್ಯಾಸವಿರಲಿ. ಊಟ ಸ್ವಲ್ಪಸ್ವಲ್ಪವಾಗಿರಲಿ, ಉಂಡೊಡನೆ ಮಲಗಬಾರದು. ಶ್ವಾಸಕೋಶ, ಹೃದಯಗಳ ಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಿರಿ. ರಕ್ತದೊತ್ತಡವನ್ನು ಪದೇಪದೇ ನೋಡಿಸಿರಿ. ಅದು ಥಟ್ಟನೆ ಏರಿದರೆ ಮೂತ್ರಪಿಂಡಗಳಿಗೆ ಅಪಾಯ, ಅದೇ ದಿನ ದವಾಖಾನೆಗೆ ಹೋಗತಕ್ಕದ್ದು. ಅಂಗಡಿಯಿಂದ ಸ್ಟಿರಾಯ್ಡ್ ಗುಳಿಗೆಗಳನ್ನು ತಾವಾಗಿ ತಂದು ನುಂಗಬಾರದು. ಆ ಅಪಾಯವನ್ನು ಅವೇ ತರಬಲ್ಲವು.

ಕುಷ್ಠರೋಗಿಯನ್ನು ಮುಟ್ಟಲು ನಮ್ಮ ಕರ್ತನು ಹಿಂಜರಿಯಲಿಲ್ಲ. ಬಿರುಸಾದ ಕೈಯೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಸೆರಗಿನಲ್ಲಿ ಮುಚ್ಚದೆ ವೈದ್ಯರ ಮುಂದೆ ಚಾಚಿಸಿರಿ, ಇಷ್ಟೇ ನಮ್ಮ ಬೇಡಿಕೆ.